ಐದನೆಯ ನವಿಲಿನ ಬಾಲ

ಮೂವತ್ತೊಂದು ವರ್ಷ ಹಿಂಬಾಗಿಲಿನಿಂದ ದೊಡ್ಡಮನೆಯ ತೋಟಕ್ಕೆ ಹೋಗಿಬಂದವಳು ಆ ಶನಿವಾರ ಮೊದಲ ಸಲ ಮುಂಬಾಗಿಲಿಗೆ ಬಂದು ಟಿಕೆಟಿನ ಸಾಲಿನಲ್ಲಿ ನಿಂತಳು. ಒಂದು ಕೈಯಲ್ಲಿ ಆರು ವರ್ಷದ ಮೊಮ್ಮಗ, ಇನ್ನೊಂದರಲ್ಲಿ ಬಟ್ಟೆಯ ಚೀಲ. ಹನ್ನೊಂದು ವರ್ಷದ ಮೊಮ್ಮಗಳು ಎರಡು ಹೆಜ್ಜೆ ಹಿಂದೆ, ಇವರ ಜೊತೆ ಬಂದವಳೇ ಅಲ್ಲವೆಂಬಂತೆ ಮುಖ ತಿರುಗಿಸಿಕೊಂಡು ನಿಂತಿದ್ದಳು.

ಗೇಟಿನ ಕಾವಲುಗಾರ ಚೀಲಕ್ಕೆ ಕೈ ಹಾಕಿದ. ಹೊರಗೆ ಬಂದದ್ದನ್ನು ನೋಡಿ ಹುಬ್ಬೇರಿಸಿದ. ಒಂದೂವರೆ ಗೇಣಿನ ಎರಡು ಅಲಗು, ಸವೆದು ನುಣುಪಾದ ಮರದ ಹಿಡಿ.

“ಇದೇನಜ್ಜಿ?”

“ಕತ್ತರಿ. ಕಾಣಲ್ವಾ?”

“ಕಾಣುತ್ತೆ. ಯಾರ ಮೂಗು ಕತ್ತರಿಸೋಕೆ ತಂದ್ರಿ ಅಂತ ಕೇಳಿದೆ.”

“ಬೇಡದ ಕಡೆ ಮೂಗು ತೂರಿಸೋರದ್ದು.”

ಕಾವಲುಗಾರ ನಕ್ಕು, ಕತ್ತರಿಯನ್ನು ಕಪಾಟಿನಲ್ಲಿಟ್ಟು, ಒಂದು ಬಿಲ್ಲೆ ಕೊಟ್ಟ. “ಹೋಗುವಾಗ ಇದನ್ನ ಕೊಟ್ಟು ತಗೊಂಡು ಹೋಗಿ.” ಕೆಲಸ ಬಿಟ್ಟು ಒಂಬತ್ತು ವರ್ಷವಾಗಿದ್ದರೂ ದೊಡ್ಡಮನೆಗೆ ಬರಿಗೈಯಲ್ಲಿ ಹೋಗುವುದು ಅವಳಿಗೆ ತಿಳಿದಿರಲಿಲ್ಲ. ಬೆಳಿಗ್ಗೆ ಹೊರಡುವಾಗ ಕೈ ತಾನಾಗಿ ಕತ್ತರಿ ತೂಗುವ ಬಾಗಿಲ ಹಿಂದಿನ ಮೊಳೆಗೆ ಹೋಗಿತ್ತು.

ಬೀದಿಯವರೆಲ್ಲ ಅವಳನ್ನು ಕತ್ತರಿಯಮ್ಮ ಎನ್ನುತ್ತಿದ್ದರು. ಒಂದು ಕಾಲಕ್ಕೆ ಧಣಿಗಳಿದ್ದ, ಈಗ ಟಿಕೆಟಿಟ್ಟು ತೋರಿಸುವ ದೊಡ್ಡಮನೆಯ ಮುಂದಿನ ತೋಟದಲ್ಲಿ ಸಾಲಾಗಿ ಎಂಟು ನವಿಲುಗಳಿವೆ. ಕಲ್ಲಿನವಲ್ಲ, ಗಿಡದವು. ಸೂಜಿಯಂಥ ಎಲೆ ಒತ್ತೊತ್ತಾಗಿ ಬರುವ, ಬಲು ನಿಧಾನವಾಗಿ ಬೆಳೆಯುವ ಗಿಡ. ಅದನ್ನು ಇನ್ನೂರು ವರ್ಷಗಳ ಹಿಂದೆ ಯಾರೋ ಕತ್ತರಿಸಿ ನವಿಲು ಮಾಡಿದರು. ಅಲ್ಲಿಂದೀಚೆಗೆ ವರ್ಷಕ್ಕೆ ಎರಡು ಸಲ ಯಾರಾದರೂ ಕತ್ತರಿಸುತ್ತಲೇ ಇರಬೇಕು. ಎರಡು ವರ್ಷ ಬಿಟ್ಟರೆ ನವಿಲು ಹೋಗಿ ಕರಡಿಯಾಗುತ್ತದೆ, ನಾಲ್ಕು ವರ್ಷ ಬಿಟ್ಟರೆ ಬರಿಯ ಪೊದೆ. ಅವಳ ಕಾಲದಲ್ಲಿ ಅವು ಒಂದು ದಿನವೂ ಕರಡಿಯಾಗಲಿಲ್ಲ.

ಮೊಮ್ಮಗಳ ಮುಖ ಹೀಗೆ ಊದಿಕೊಂಡಿರುವುದಕ್ಕೂ ಈ ನವಿಲುಗಳೇ ಕಾರಣ. ಶಾಲೆಯಲ್ಲಿ ಬರುವ ಸೋಮವಾರ ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ಮನೆಯ ಹಿರಿಯರೊಬ್ಬರ ಕೆಲಸದ ಬಗ್ಗೆ ಐದು ನಿಮಿಷ ಮಾತಾಡಬೇಕಿತ್ತು. ಯಾರ ಬಗ್ಗೆ ಎಂದು ಮೇಷ್ಟ್ರು ಮೊದಲೇ ಕೇಳಿದ್ದರು. ಒಬ್ಬಳ ಮಾವ ಸೇತುವೆ ಕಟ್ಟುವವನು. ಇನ್ನೊಬ್ಬನ ದೊಡ್ಡಮ್ಮ ಮೂಳೆಯ ಡಾಕ್ಟರು. ಇವಳು ಸುಮ್ಮನಿರಲಾರದೆ, “ದೊಡ್ಡಮನೆ ನವಿಲುಗಳನ್ನ ಮಾಡಿದ್ದು ನಮ್ಮಜ್ಜಿ” ಎಂದುಬಿಟ್ಟಿದ್ದಳು. ಪಕ್ಕದ ಬೆಂಚಿನವಳು ಕಳೆದ ತಿಂಗಳು ತಾನೇ ಅಲ್ಲಿಗೆ ಹೋಗಿ ಬಂದವಳು. “ಸುಳ್ಳಿ! ಅವು ಇನ್ನೂರು ವರ್ಷದ್ದು. ನಿಮ್ಮಜ್ಜಿಗೆ ಇನ್ನೂರು ವರ್ಷಾನಾ?” ಎಂದಳು. ತರಗತಿಯೆಲ್ಲ ನಕ್ಕಿತು. ಮರುದಿನದಿಂದ ಇವಳನ್ನು ಕಂಡರೆ “ಇನ್ನೂರು” ಎಂದು ಕೂಗುವುದೇ ಎಲ್ಲರ ಆಟವಾಯಿತು.

ಶುಕ್ರವಾರ ಸಂಜೆ ಅಳು, ಊಟ ಬೇಡ, ಸೋಮವಾರ ಶಾಲೆಗೆ ಹೋಗುವುದೇ ಇಲ್ಲ. ಸೊಸೆ ಆಸ್ಪತ್ರೆಯ ನರ್ಸು, ರಾತ್ರಿಪಾಳಿಗೆ ಹೊರಟು ನಿಂತವಳು. “ಅತ್ತೆ, ನೀವೇ ಏನಾದ್ರೂ ಹೇಳಿ, ನನ್ನ ಮಾತು ಕೇಳಲ್ಲ ಇವಳು” ಎಂದಳು.

ಕತ್ತರಿಯಮ್ಮ ಹೇಳಿದ್ದು ಸಮಾಧಾನದ ಮಾತಲ್ಲ. “ಅವಳು ಹೇಳಿದ್ದು ಸರಿಯಾಗೇ ಇದೆ. ನಾನು ಮಾಡಿಲ್ಲ, ನೋಡ್ಕೊಂಡೆ. ಮಾಡಿದೆ ಅಂತ ಯಾಕಂದೆ?”

“ನೋಡ್ಕೊಂಡೆ ಅಂದ್ರೆ ಯಾರಿಗೆ ಬೇಕಜ್ಜಿ? ನೋಡ್ಕೊಳೋದು ಒಂದು ಕೆಲಸಾನಾ?”

ಅಜ್ಜಿ “ನಾಳೆ ಹೊರಡು, ತೋರಿಸ್ತೀನಿ” ಎಂದಳು. ಏನನ್ನು ತೋರಿಸುವುದು ಎಂಬುದು ಮಾತ್ರ ರಾತ್ರಿಯೆಲ್ಲ ಯೋಚಿಸಿದರೂ ಅವಳಿಗೆ ಗೊತ್ತಾಗಲಿಲ್ಲ.

ಮೊದಲು ಮನೆಯನ್ನು ನೋಡಬೇಕು, ಆಮೇಲೆ ತೋಟ. ಅದು ಅಲ್ಲಿಯ ಕ್ರಮ. ಕೊರಳಿಗೆ ಚಿಕ್ಕ ಮೈಕು ಹಾಕಿಕೊಂಡ ಗೈಡ್ ಹುಡುಗಿ ಇಪ್ಪತ್ತು ಜನರ ತಂಡವನ್ನು ಕೋಣೆಯಿಂದ ಕೋಣೆಗೆ ನಡೆಸಿದಳು. ಕತ್ತರಿಯಮ್ಮ ಆ ಮನೆಯನ್ನು ಅಡುಗೆಮನೆಯ ಹೊಸ್ತಿಲಿನವರೆಗೆ ಮಾತ್ರ ಬಲ್ಲವಳು. ಅಲ್ಲಿ ಕೂಡ ಮಧ್ಯಾಹ್ನದ ಚಹಾ ತೆಗೆದುಕೊಳ್ಳುವಷ್ಟು ಹೊತ್ತು. ತೋಟದವರ ಚಪ್ಪಲಿಗೆ ಮಣ್ಣಿರುತ್ತದೆ ಎಂಬುದು ಆ ಮನೆಯ ಹಳೆಯ ಭಯ.

ಊಟದ ಮನೆಯಲ್ಲಿ ನಲವತ್ತು ಜನರ ಮೇಜು. ಸುತ್ತ ಕೆಂಪು ಹಗ್ಗ. ಮೊಮ್ಮಗ ಆ ತುದಿಯಿಂದ ಈ ತುದಿಯವರೆಗೆ ಕಣ್ಣು ಓಡಿಸಿ ಕೇಳಿದ: “ಅಜ್ಜಿ, ಆ ಕಡೆ ಕೂತೋರಿಗೆ ಉಪ್ಪು ಬೇಕಾದ್ರೆ?”

“ಉಪ್ಪಿಲ್ಲದೇ ತಿಂದಿರ್ತಾರೆ, ಸುಮ್ನಿರು.”

“ಅವರ ಕಕ್ಕಸು ಎಲ್ಲಿ?”

ಗೈಡ್ ಹುಡುಗಿ ಕೇಳಿಸಿಕೊಂಡು ನಗು ತಡೆದಳು. “ಅದೊಂದನ್ನ ಕಟ್ಟೋಕೆ ಮರೆತಿದ್ರು ಪುಟ್ಟ. ಎಂಬತ್ತು ವರ್ಷ ಆದ್ಮೇಲೆ ನೆನಪಾಯ್ತು” ಎಂದಳು. ತಂಡದವರು ನಕ್ಕರು. ಹುಡುಗಿ ಚುರುಕು, ಮಾತು ಚೆನ್ನಾಗಿ ಬಲ್ಲವಳು ಎಂದು ಕತ್ತರಿಯಮ್ಮ ಮನಸ್ಸಿನಲ್ಲೇ ಒಪ್ಪಿದಳು.

ಮೇಲಿನ ಮಹಡಿಯಲ್ಲಿ ಧಣಿಗಳು ಮಲಗುತ್ತಿದ್ದ ಕೋಣೆ. ಎಲ್ಲರೂ ನಾಲ್ಕು ಕಂಬದ ಮಂಚವನ್ನು ನೋಡುತ್ತಿದ್ದಾಗ ಅವಳು ಕಿಟಕಿಗೆ ಹೋದಳು. ಕೆಳಗೆ ಎಂಟು ನವಿಲುಗಳು ಒಂದೇ ಸಾಲಿನಲ್ಲಿ, ಒಂದೇ ಕಡೆಗೆ ಕತ್ತು ಮಾಡಿ ನಿಂತಿದ್ದವು. ಈ ಎತ್ತರದಿಂದ ಅವನ್ನು ಅವಳು ಎಂದೂ ನೋಡಿರಲಿಲ್ಲ. ಏಣಿಯ ಮೇಲೆ ನಿಂತರೆ ಮೂಗಿನ ಮುಂದೆ ಬರಿಯ ಎಲೆ, ಇಳಿದು ನೋಡಿದರೆ ಮಗ್ಗುಲು. ಸಾಲು ಇಷ್ಟು ನೇರವಾಗಿದೆ ಎಂದು ಅವಳಿಗೆ ಕೈಯಿಂದ ಗೊತ್ತಿತ್ತು, ಕಣ್ಣಿನಿಂದ ಇವತ್ತು ಗೊತ್ತಾಯಿತು. ಎರಡನೆಯದರ ಬೆನ್ನಿನ ಮೇಲೆ ಎಲೆಯ ತುದಿ ಕಂದಿತ್ತು. ಈಗಿನವರು ಮೆಷಿನ್ ಹಿಡಿಯುತ್ತಾರೆ, ಮೆಷಿನ್ ಎಲೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಆದರೂ ರೂಪ ಕೆಟ್ಟಿರಲಿಲ್ಲ. ಅವಳು ಕೊಟ್ಟುಹೋದ ಗೆರೆಯ ಮೇಲೆಯೇ ಮೆಷಿನ್ ಕೂಡ ಓಡುತ್ತಿತ್ತು.

ಐದನೆಯದೂ ಕಾಣಿಸಿತು. ಏಳು ಬಾಲಗಳು ಸಮ, ಐದನೆಯದು ಒಂದು ಮೊಳ ಗಿಡ್ಡ. ಕೆಳಗಿನಿಂದ ಅದು ಥಟ್ಟನೆ ತಿಳಿಯುವುದಿಲ್ಲ. ಇಲ್ಲಿಂದ ಬಾಯಲ್ಲಿ ಹಲ್ಲು ಬಿದ್ದ ಹಾಗೆ ಎದ್ದು ಕಾಣುತ್ತಿತ್ತು. ತೋಟದ ಕಚೇರಿ ಇದೇ ಮಹಡಿಯಲ್ಲಿತ್ತು. ಅಂದರೆ ಇಷ್ಟು ವರ್ಷ ಅಲ್ಲಿ ಕೂತ ಸಾಹೇಬರುಗಳೆಲ್ಲ ದಿನಾ ಇದನ್ನು ನೋಡಿದ್ದಾರೆ. ಅವಳ ಕಿವಿ ಬಿಸಿಯಾಯಿತು.

ತೋಟಕ್ಕೆ ಇಳಿದ ಮೇಲೆ ಗೈಡ್ ಹುಡುಗಿ ತಂಡವನ್ನು ನೇರವಾಗಿ ಐದನೆಯ ನವಿಲಿನ ಮುಂದೆಯೇ, ಕಟ್ಟಿದ ಹಗ್ಗದ ಈಚೆಗೆ ನಿಲ್ಲಿಸಿದಳು. ದನಿ ತಗ್ಗಿಸಿದಳು. ಹಳೆಯ ಧಣಿಗೆ ಒಬ್ಬಳೇ ಮಗಳಂತೆ. ಅಪ್ಪ ಒಲ್ಲದವನನ್ನು ಅವಳು ಒಲಿದಳಂತೆ. ಮನೆಬಿಟ್ಟು ಹೋದ ದಿನ ಧಣಿ ಕತ್ತಿ ಹಿಡಿದು ಕೆಳಗಿಳಿದು, ಮಗಳಿಗೆ ಪ್ರಿಯವಾಗಿದ್ದ ಈ ನವಿಲಿನ ಬಾಲವನ್ನು ಒಂದೇ ಏಟಿಗೆ ಕತ್ತರಿಸಿ, ಇದನ್ನು ಇನ್ನು ಯಾರೂ ಮುಟ್ಟಬಾರದು ಎಂದನಂತೆ. “ಇವತ್ತಿನವರೆಗೂ ಈ ಬಾಲವನ್ನ ಯಾರೂ ಮುಟ್ಟಿಲ್ಲ” ಎಂದು ಮುಗಿಸಿದಳು.

ಹೆಂಗಸೊಬ್ಬಳು ನಿಟ್ಟುಸಿರಿಟ್ಟಳು. ಗಂಡಸರು ಫೋನು ತೆಗೆದು ಫೋಟೋ ಹಿಡಿದರು. ಮೊಮ್ಮಗಳು ಮೊದಲ ಸಲ ಅಜ್ಜಿಯ ಹತ್ತಿರ ಬಂದು ಸೆರಗು ಜಗ್ಗಿದಳು. “ಅಜ್ಜಿ, ಯಾರೂ ಮುಟ್ಟಿಲ್ವಂತೆ. ನೀನು ಮುಟ್ಟಿದ್ದೆ ಅಲ್ವಾ? ನೋಡ್ಕೊಂಡೆ ಅಂದೆಯಲ್ಲ? ಅದೂ ಸುಳ್ಳಾ?”

ಸುಮ್ಮನಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಧಣಿಯ ಕತ್ತಿ ಅವಳ ತಪ್ಪನ್ನು ಚೆನ್ನಾಗಿಯೇ ಮುಚ್ಚಿತ್ತು. ಆದರೆ ಸೋಮವಾರ ಈ ಹುಡುಗಿ ತರಗತಿಯಲ್ಲಿ ಏನು ಹೇಳಬೇಕು? ಉಳಿದ ಏಳು ನವಿಲುಗಳಲ್ಲಿ ತೋರಿಸಲು ಏನೂ ಇಲ್ಲ. ಚೆನ್ನಾಗಿ ಮಾಡಿದ ಕೆಲಸ ಗಿಡ ತಾನಾಗಿ ಹಾಗೆ ಬೆಳೆದಂತೆ ಕಾಣುತ್ತದೆ. ಈ ತೋಟದಲ್ಲಿ ಇದು ಕತ್ತರಿಯಮ್ಮನ ಕೈ ಎಂದು ಬೊಟ್ಟು ಮಾಡಬಹುದಾದ ಜಾಗ ಒಂದೇ ಒಂದು. ಅದು ಅವಳು ಕೆಡಿಸಿದ ಜಾಗ.

ಅವಳು ಇಪ್ಪತ್ತಾರನೆಯ ವಯಸ್ಸಿನಲ್ಲಿ ದಾರಿಯ ಜಲ್ಲಿಯ ನಡುವಿನ ಕಳೆ ಕೀಳಲು ಸೇರಿದವಳು. ಗಂಡ ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದ, ಸಂಬಳ ಸಾಲದು. ತೋಟದ ಮೇಸ್ತ್ರಿ ಮಾತು ಕಡಿಮೆಯ ಮನುಷ್ಯ. ಅವಳು ಕಳೆಯ ಬುಟ್ಟಿಗಳನ್ನು ದಾರಿಯ ಅಂಚಿಗೆ ನೂಲು ಹಿಡಿದಂತೆ ಇಡುವುದನ್ನು ಒಂದು ವರ್ಷ ನೋಡಿ, ಎರಡನೆಯ ವರ್ಷ ಕೈಗೆ ಕತ್ತರಿ ಕೊಟ್ಟ. ಕಲಿಸಿದ ನಿಯಮ ಒಂದೇ. ಮೂರು ಸಲ ಕತ್ತರಿ ಆಡಿಸು, ಏಣಿ ಇಳಿ, ಹತ್ತು ಹೆಜ್ಜೆ ದೂರ ಹೋಗಿ ನೋಡು, ಮತ್ತೆ ಏಣಿ ಹತ್ತು. ಒಂದು ನವಿಲಿಗೆ ಮೂರು ದಿನ. ಮೊಣಕಾಲು ಆಗಲೇ ಹೋಯಿತು, ಆಮೇಲೆ ಬರಲೇ ಇಲ್ಲ.

ಏಳನೆಯ ವರ್ಷ ಅವಳಿಗೆ ಕೈಯ ಮೇಲೆ ವಿಪರೀತ ನಂಬಿಕೆ ಬಂತು. ಅದೇ ತಿಂಗಳು ನಾದಿನಿ ತಾನಿದ್ದ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಅವಳಿಗೊಂದು ಕೆಲಸ ಹಿಡಿದಿದ್ದಳು. ಕೂತು ಪ್ಯಾಕು ಮಾಡುವುದು, ತಲೆಯ ಮೇಲೆ ಫ್ಯಾನು, ಮನೆ ಬಾಗಿಲಿಗೆ ಬಸ್ಸು. ಒಂದನೇ ತಾರೀಖಿಗೆ ಬರುತ್ತೇನೆಂದು ಒಪ್ಪಿಯೂ ಆಗಿತ್ತು. ಹೋಗುವ ಮುಂಚೆ, ಇಂಥವಳು ಇದ್ದಳು ಎಂದು ಮೇಸ್ತ್ರಿ ನೆನೆಯಬೇಕು ಎನಿಸಿತು. ಐದನೆಯದನ್ನು ಒಂದೇ ದಿನದಲ್ಲಿ ಮುಗಿಸಲು ಹೊರಟಳು. ಇಳಿಯಲಿಲ್ಲ. ಸಂಜೆ ಬಿಸಿಲು ಓರೆಯಾದಾಗ ನಾಲ್ಕನೆಯ ನವಿಲಿನ ನೆರಳು ಐದನೆಯದರ ಬಾಲದ ಮೇಲೆ ಬೀಳುತ್ತದೆ. ಏಣಿಯ ಮೇಲಿನಿಂದ ನೋಡಿದರೆ ಆ ಕಪ್ಪು ಭಾಗ ಹೆಚ್ಚಾಗಿ ಬೆಳೆದ ಎಲೆಯ ಹಾಗೆಯೇ ಇರುತ್ತದೆ. ಅವಳು ನೆರಳಿನ ಗೆರೆ ಹಿಡಿದು ಕತ್ತರಿಸುತ್ತ ಹೋದಳು. ಬಿಸಿಲು ಹೋಯಿತು, ನೆರಳೂ ಹೋಯಿತು. ಇಳಿದು ನೋಡಿದರೆ ಮೂರು ಮೊಳದ ಬಾಲದಲ್ಲಿ ಎರಡೂವರೆ ಮೊಳ ನೆಲದ ಮೇಲಿತ್ತು.

ಮೇಸ್ತ್ರಿ ಬಂದು ನಿಂತ. ಬೈಯಲಿಲ್ಲ. ಬೈದಿದ್ದರೆ ಅವಳು ಕಾರ್ಖಾನೆಗೆ ಹೋಗಿಬಿಡುತ್ತಿದ್ದಳು. ಕಡಿದ ಕಡೆಯ ಒಣಕಟ್ಟಿಗೆಯನ್ನು ಬೆರಳಿಂದ ಮುಟ್ಟಿ ನೋಡಿ, “ಇಲ್ಲಿ ಇನ್ನು ಚಿಗುರಲ್ಲ. ಪಕ್ಕದಲ್ಲೊಂದು ಕೊಂಬೆ ಜೀವ ಇಟ್ಕೊಂಡಿದೆ. ಅದನ್ನ ವರ್ಷಾ ವರ್ಷಾ ಬಗ್ಗಿಸಿ ತರಬೇಕು. ಇಪ್ಪತ್ತು ವರ್ಷಾನೂ ಆಗಬಹುದು. ಇರ್ತೀಯಾ?” ಎಂದ.

“ಇರ್ತೀನಿ” ಎಂದಳು.

ನಾದಿನಿ ಎರಡು ವರ್ಷ ಮಾತು ಬಿಟ್ಟಳು. ಕತ್ತರಿಯಮ್ಮನಿಗೆ ತೋಟದ ಹುಚ್ಚು ಎಂದು ಮನೆಯವರು ತಿಳಿದರು. ಹುಚ್ಚೂ ಅಲ್ಲ, ಪ್ರೀತಿಯೂ ಅಲ್ಲ. ಕೆಡಿಸಿದವಳು ಸರಿಮಾಡಬೇಕು, ಅಷ್ಟೆ. ಕಾರಣವನ್ನು ಗಂಡನಿಗಾಗಲಿ ಮಗನಿಗಾಗಲಿ ಅವಳು ಹೇಳಲಿಲ್ಲ.

ಈಗ ಹೇಳಿದಳು. ಮೈಕು ಬೇಡದ ಗಂಟಲು ಅವಳದು.

“ಏನಮ್ಮಾ, ಆ ಬಾಲ ಕತ್ತರಿಸಿದ್ದು ನಿಮ್ಮ ಧಣಿ ಅಲ್ಲ. ನಾನು.”

ತಂಡ ತಿರುಗಿ ನೋಡಿತು. ಯಾರೋ ಕಿಸಕ್ಕೆಂದರು. ಗೈಡ್ ಹುಡುಗಿ ಮುಗುಳ್ನಕ್ಕಳು. “ಅಜ್ಜಿ, ಇದು ನೂರೈವತ್ತು ವರ್ಷದ ಹಿಂದಿನ ಕಥೆ.”

“ಕಥೆ ನೂರೈವತ್ತು ವರ್ಷದ್ದಿರಬಹುದು. ಬಾಲ ಕತ್ತರಿಸಿ ಮೂವತ್ಮೂರು ವರ್ಷ ಆಯ್ತು. ಯಾರೂ ಮುಟ್ಟಿಲ್ಲ ಅಂದ್ಯಲ್ಲ, ಇಪ್ಪತ್ನಾಲ್ಕು ವರ್ಷ ಮುಟ್ಟಿದ್ದೀನಿ. ಒಳಗೆ ಒಂದು ಕಬ್ಬಿಣದ ಸರಳಿದೆ. ಅದಕ್ಕೆ ಒಂದು ಕೊಂಬೆ ಬಗ್ಗಿಸಿ ತಾಮ್ರದ ತಂತೀಲಿ ಕಟ್ಟಿದೆ. ವರ್ಷಕ್ಕೊಂದು ಕಟ್ಟು. ಇಪ್ಪತ್ನಾಲ್ಕು ಇರಬೇಕು. ಒಂದು ಕಮ್ಮಿ ಇದ್ರೂ ನಾನು ಸುಳ್ಳಿ.”

ಸುಳ್ಳಿ ಎಂಬ ಮಾತಿಗೆ ಮೊಮ್ಮಗಳ ಮುಖ ಬಿಳಿಚಿತು. ಅವಳು ಅಜ್ಜಿಯ ಕೈ ಹಿಡಿದು, “ಬೇಡಜ್ಜಿ, ಬಾ ಹೋಗೋಣ” ಎಂದು ಪಿಸುಗುಟ್ಟಿದಳು. ಒಂಬತ್ತು ವರ್ಷದಲ್ಲಿ ಯಾರಾದರೂ ಸರಳನ್ನು ಕಿತ್ತಿರಬಹುದು ಎಂಬುದು ಕತ್ತರಿಯಮ್ಮನಿಗೂ ಅಷ್ಟರಲ್ಲಿ ಹೊಳೆದಿತ್ತು. ಆದರೆ ಮಾತು ಆಡಿಯಾಗಿತ್ತು.

“ಹಗ್ಗ ದಾಟೋ ಹಾಗಿಲ್ಲ ಅಜ್ಜಿ” ಎಂದು ಗೈಡ್ ಹುಡುಗಿ ಹೇಳುವುದಕ್ಕೂ ಮೊಮ್ಮಗ ಕಾಣದಾಗುವುದಕ್ಕೂ ಸರಿಹೋಯಿತು. ಹಗ್ಗದ ಕೆಳಗೆ ನುಸುಳಿ, ನವಿಲಿನ ಹೊಟ್ಟೆಯಡಿ ತೂರಿ ಹೋಗಿದ್ದ. ಎರಡು ಚಪ್ಪಲಿ ಮಾತ್ರ ಹೊರಗಿದ್ದವು. ಒಳಗಿನಿಂದ ದನಿ ಬಂತು:

“ಅಜ್ಜೀ! ಇದರೊಳಗೆ ಮನೆ ಇದೆ! ಎಲೇನೇ ಇಲ್ಲ!”

ಎಲ್ಲರೂ ನಕ್ಕರು. ಇಂಥ ಗಿಡಕ್ಕೆ ಹಸಿರೆಲ್ಲ ಹೊರಗಿನ ಒಂದು ಗೇಣು ಮಾತ್ರ. ಒಳಗೆ ಬೆಳಕಿಲ್ಲ, ಬರಿಯ ಕಂದು ಕೊಂಬೆ, ಮಗು ಕೂರುವಷ್ಟು ಟೊಳ್ಳು.

“ತಂತಿ ಇದೆಯೇನೋ?” ಅಜ್ಜಿ ಕೇಳಿದಳು.

“ಇದೆ! ತುಂಬಾ ಇದೆ!”

“ಎಣಿಸು.”

“ಒಂದು, ಎರಡು, ಮೂರು...” ಹದಿಮೂರರವರೆಗೆ ಸರಾಗವಾಗಿ ಹೋಯಿತು. ಹದಿಮೂರಾದ ಮೇಲೆ ಹದಿನಾರು ಬಂತು, ಅದಾದ ಮೇಲೆ ಮತ್ತೆ ಹನ್ನೆರಡು. ಅವನಿಗೆ ಅಷ್ಟೇ ಪಾಠವಾಗಿತ್ತು.

ತಂಡದ ಹಿಂದಿನಿಂದ ಯಾರೋ “ಅಜ್ಜಿ ಸೋತ್ರು” ಎಂದರು. ಆಗ ಮೊಮ್ಮಗಳು ಅಜ್ಜಿಯ ಕೈ ಬಿಟ್ಟಳು. ಗೈಡ್ ಹುಡುಗಿಯ ಮುಂದೆ ನಿಂತು, “ಅಕ್ಕಾ, ನಾನು ಎಣಿಸ್ಲಾ? ನಂಗೆ ಬರುತ್ತೆ” ಎಂದಳು. ಗೈಡ್ ಹುಡುಗಿ ಅತ್ತಿತ್ತ ನೋಡಿದಳು. ಆಮೇಲೆ ಹಗ್ಗವನ್ನು ತಾನೇ ಎತ್ತಿ ಹಿಡಿದಳು.

ಒಳಗೆ ತಮ್ಮನನ್ನು ಸರಿಸುವ ಗಲಾಟೆ ಕೇಳಿತು. “ಆ ಕಡೆ ಹೋಗೋ. ನನ್ನ ಜಡೆ ಬಿಡೋ.” ಬಳಿಕ ಎಣಿಕೆ. ನಿಧಾನವಾಗಿ, ಒಂದೊಂದನ್ನೂ ಬೆರಳಿಟ್ಟು ಮುಟ್ಟುವವಳಂತೆ. ಹತ್ತು. ಹದಿನೈದು. ಹತ್ತೊಂಬತ್ತರಲ್ಲಿ ದನಿ ನಿಂತಿತು.

“ಅಜ್ಜಿ, ಇಲ್ಲಿಗೆ ಮುಗೀತು.”

ಕತ್ತರಿಯಮ್ಮ ಕಣ್ಣು ಮುಚ್ಚಿಕೊಂಡಳು. ಅಳಲಿಕ್ಕಲ್ಲ, ಕೊಂಬೆಯನ್ನು ಮನಸ್ಸಿನಲ್ಲಿ ನೋಡಲಿಕ್ಕೆ. “ಮುಗಿದಿಲ್ಲ. ಮೊದಲ ಐದು ವರ್ಷದ್ದು ಬುಡದ ಕಡೆ. ಕೊಂಬೆ ದಪ್ಪ ಆಗಿ ತಂತೀನ ನುಂಗಿರುತ್ತೆ. ಕೈಯಾಡಿಸಿ ನೋಡು, ಉಬ್ಬು ಸಿಗುತ್ತೆ. ಉಗುರಲ್ಲಿ ಕೆರೆದ್ರೆ ತಾಮ್ರ ಕಾಣುತ್ತೆ.”

ಒಳಗೆ ಒಂದು ಕೊಂಬೆ ಅಲ್ಲಾಡಿತು. ಆಮೇಲೆ ಮೊಮ್ಮಗಳು ಕೂಗಿಯೇಬಿಟ್ಟಳು:

“ಇಪ್ಪತ್ತು! ಇಪ್ಪತ್ತೊಂದು! ಅಜ್ಜಿ, ಮರದೊಳಗೇ ಹೋಗ್ಬಿಟ್ಟಿದೆ! ಇಪ್ಪತ್ತೆರಡು... ಇಪ್ಪತ್ಮೂರು...” ಸ್ವಲ್ಪ ತಡೆದು, “ಇಪ್ಪತ್ನಾಲ್ಕು!”

ನಿಟ್ಟುಸಿರಿಟ್ಟಿದ್ದ ಹೆಂಗಸೇ ಮೊದಲು ಚಪ್ಪಾಳೆ ತಟ್ಟಿದಳು. ಕತ್ತರಿಯಮ್ಮನಿಗೆ ಚಪ್ಪಾಳೆ ಇಷ್ಟವಾಗಲಿಲ್ಲ. ಆದರೆ ಬೆನ್ನು ನೆಟ್ಟಗಾಯಿತು, ಅದನ್ನು ಅವಳು ತಡೆಯಲಿಲ್ಲ.

ಗೈಡ್ ಹುಡುಗಿ ಮೈಕನ್ನು ಆರಿಸಿ ಹತ್ತಿರ ಬಂದಳು. “ಅಜ್ಜಿ, ಕ್ಷಮಿಸಿ. ನಂಗೆ ಹಿಂದಿನ ಗೈಡ್ ಹೇಳಿದ್ದು, ಅವರಿಗೆ ಅವರ ಹಿಂದಿನವರು.”

“ನಿನ್ನ ಕಥೆ ಚೆನ್ನಾಗಿದೆ ತಾಯಿ. ನಿಜ ಅಲ್ಲ, ಅಷ್ಟೆ.”

“ನಿಮ್ಮ ಹೆಸರು ಹೇಳಿ. ಮುಂದಿನ ತಂಡಕ್ಕೆ ನಿಮ್ಮದನ್ನೇ ಹೇಳ್ತೀನಿ.”

“ಕತ್ತರಿಯಮ್ಮ ಅನ್ನು ಸಾಕು. ಒಂದನ್ನ ಕೆಡಿಸಿದ್ಲು ಅನ್ನು, ಬಚ್ಚಿಡಬೇಡ. ಉಳಿದ ಏಳನ್ನ ಮೂವತ್ತೊಂದು ವರ್ಷ ಕೆಡಿಸ್ಲಿಲ್ಲ ಅಂತಾನೂ ಹೇಳು. ಅದನ್ನ ಬಿಟ್ಟುಬಿಟ್ಟೀಯ ಮತ್ತೆ.” ಎರಡು ಹೆಜ್ಜೆ ಹೋಗಿ ತಿರುಗಿದಳು. “ಎರಡನೇದರ ಬೆನ್ನು ಕಂದಿದೆ. ಮೆಷಿನ್ ಹಿಡಿಯೋರಿಗೆ ಅಲಗು ಮಸೀರಿ ಅನ್ನು.”

ಮಕ್ಕಳಿಬ್ಬರೂ ತಲೆ ತುಂಬ ಸೂಜಿಯೆಲೆ ಅಂಟಿಸಿಕೊಂಡು ಹೊರಗೆ ಬಂದರು. ಮೊಮ್ಮಗಳ ಉಗುರಿನಲ್ಲಿ ತೊಗಟೆ ಸಿಕ್ಕಿಕೊಂಡಿತ್ತು. ಅವಳು ಅದನ್ನು ತೆಗೆಯಲಿಲ್ಲ. ಗೇಟಿನಲ್ಲಿ ಕಾವಲುಗಾರ ಬಿಲ್ಲೆ ತೆಗೆದುಕೊಂಡು ಕತ್ತರಿ ಕೊಟ್ಟಾಗ, ತಾನು ಹಿಡಿಯುತ್ತೇನೆಂದು ಮೊದಲು ಕೈ ಚಾಚಿದವಳೂ ಅವಳೇ. “ಭಾರ ಇದೆಯಲ್ಲಜ್ಜಿ” ಎಂದಳು.

“ಮೂವತ್ತು ವರ್ಷ ಹಗುರ ಇತ್ತೇನು? ಅಲಗು ಕೆಳಗೆ ಮಾಡಿ ಹಿಡಿ.”

ಬಸ್ಸಿನಲ್ಲಿ ಮೊಮ್ಮಗ ನಿದ್ದೆಹೋದ. ಮೊಮ್ಮಗಳು ನೆರಳು ಕತ್ತರಿಸಿದ ಕಥೆಯನ್ನೆಲ್ಲ ಅಜ್ಜಿಯಿಂದ ಹೇಳಿಸಿಕೊಂಡು ಕೇಳಿದಳು: “ನೀನು ತಪ್ಪು ಮಾಡಿದ್ದನ್ನೂ ಹೇಳ್ಬೇಕಾ? ನಗ್ತಾರೆ.”

“ನಗ್ಲಿ. ಅದನ್ನ ಬಿಟ್ರೆ ನಿನ್ನ ಹತ್ರ ಹೇಳೋಕೆ ಏನಿದೆ?”

ಸೋಮವಾರ ಮಧ್ಯಾಹ್ನ ಕತ್ತರಿಯಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತು ಕತ್ತರಿಗೆ ಎಣ್ಣೆ ಹಚ್ಚುತ್ತಿದ್ದಳು. ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಅಲ್ಲಿ ಕೂತದ್ದು ಬೇಕೆಂದೇ ಅಲ್ಲ ಎಂದು ಅವಳು ಯಾರು ಕೇಳಿದರೂ ಹೇಳುತ್ತಿದ್ದಳು. ಮೊಮ್ಮಗಳು ಬಂದು ಚೀಲವನ್ನು ನೆಲಕ್ಕೆ ಇಳಿಸಿದಳು.

“ಏನಾಯ್ತೇ?”

“ನಕ್ರು. ನೆರಳನ್ನ ಕತ್ತರಿಸಿದ್ಲು ಅಂದಾಗ ಮೇಷ್ಟ್ರೂ ನಕ್ರು.”

“ಆಮೇಲೆ?”

“ಆಮೇಲೆ ಎಣಿಸ್ದೆ. ಒಂದರಿಂದ ಇಪ್ಪತ್ನಾಲ್ಕರ ತನಕ, ಜೋರಾಗಿ. ಹತ್ತರ ಹೊತ್ತಿಗೆ ನಗೋದು ನಿಂತಿತ್ತು.” ಅವಳು ಅಜ್ಜಿಯ ಪಕ್ಕ ಕೂತಳು. “ಪಕ್ಕದ ಬೆಂಚಿನೋಳು ಮುಂದಿನ ಭಾನುವಾರ ಕರ್ಕೊಂಡು ಹೋಗ್ತೀಯಾ ಅಂತ ಕೇಳಿದ್ಲು. ಒಳಗೆ ಹೋಗ್ಬೇಕಂತೆ.”

“ಮಾಡಿದ್ಲು ಅಂದ್ಯಾ, ನೋಡ್ಕೊಂಡ್ಲು ಅಂದ್ಯಾ?”

“ನೋಡ್ಕೊಂಡ್ಲು ಅಂದೆ. ಎರಡು ಸಲ ಅಂದೆ.”

ಕತ್ತರಿಯಮ್ಮ ಕತ್ತರಿಯನ್ನು ಒಮ್ಮೆ ತೆರೆದು ಮುಚ್ಚಿ ಸದ್ದು ಕೇಳಿದಳು. ಸರಿಯಾಗಿತ್ತು. ಅದನ್ನು ಮೊಮ್ಮಗಳ ಕೈಗೆ ಕೊಟ್ಟು, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ ಕೈ ತೊಳೆದು ಬಾ, ಊಟಕ್ಕೆ ಬಡಿಸುತ್ತೇನೆ ಎಂದಳು.